ಮೂರನೇ ಕೋಟು

ಗೋಡೆ ನನ್ನ ಲೆಕ್ಕ, ಚಿತ್ರ ಅವರ ಲೆಕ್ಕ.
ಬಂದರಿನ ಹಳೇ ಉಪ್ಪಿನ ಕೊಟಾರದ
ಇಪ್ಪತ್ತು ವರ್ಷದ ಬೀಗ ಒಡೆದು
ಏಳು ಜನ ಚಿತ್ರಗಾರರು ಒಳಗೆ ಹೋದದ್ದು ಆಮೇಲೆ;
ಮೊದಲು ಹೋದದ್ದು ನಾನು,
ಕೆರೆಯುವ ತಗಡು, ಎರಡು ಬ್ರಶ್ಶು, ಒಂದು ಏಣಿ,
ಬಾವಲಿಗಳ ಹತ್ತಿರ ಒಂದು ಕ್ಷಮೆ.

ಮೊದಲ ಕೋಟು ಬಳಿದೆ. ಬೆಳಿಗ್ಗೆ ನೋಡಿದರೆ
ಗೋಡೆಗೇ ಸೆಕೆ, ಗೋಡೆಯೇ ಬೆವರಿದೆ.
ಎರಡನೆಯದು ಬಳಿದೆ. ಸೊಂಟದೆತ್ತರಕ್ಕೆ
ಬೂಷ್ಟಿನ ಹಾಗೆ ಬಿಳಿ, ಮುಟ್ಟಿದರೆ ಹುಡಿ.
ನಾಲಿಗೆಗೆ ಇಟ್ಟೆ.
ಅಜ್ಜನ ಕಾಲದ ಉಪ್ಪು ಮಾರಾಯ್ರೆ,
ಇನ್ನೂ ಸಪ್ಪೆಯಾಗಿಲ್ಲ.

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅಂತಾರೆ.
ಈ ಗೋಡೆಗೆ ಮುಪ್ಪು ಬಂದು, ಮುಗಿದೂ ಹೋಯಿತು,
ನೆನೆಯುವುದು ಮಾತ್ರ ನಿಂತಿಲ್ಲ.

ಮೂರನೇ ಕೋಟಿಗೆ ದುಬಾರಿ ಡಬ್ಬಿ ತರಿಸಿದರು.
ಶುಕ್ರವಾರ ದೀಪ ಹಚ್ಚಿದರು.
ಗೋಣಿ ಹೊಲಿದು ಮಾಡಿದ ಮಂಜಿಯೊಂದು
ಜಂತಿಯಿಂದ ಇಳಿಬಿದ್ದು ಗಾಳಿಗೆ ತಿರುಗುತ್ತಿತ್ತು.
ಒಬ್ಬ ತಕ್ಕಡಿ ತೂಗುಹಾಕಿದ್ದ:
ಒಂದು ತಟ್ಟೆಯಲ್ಲಿ ಹರಳುಪ್ಪು, ಒಂದರಲ್ಲಿ ಕನ್ನಡಿ.
ಎಂತ ಅರ್ಥ ಅಂತ ಕೇಳಿದೆ.
ನಿಮಗೆ ಅನಿಸಿದ್ದೇ ಅರ್ಥ ಅಂದ.
ಸಂಜೆಯಾಗುವಾಗ ಉಪ್ಪು ಗಾಳಿಯ ನೀರು ಕುಡಿದು
ಒಂದು ಬೆರಳಷ್ಟು ಕೆಳಗಿಳಿದಿತ್ತು.
ಅವನಿಗೆ ಹೇಳಲಿಲ್ಲ.

ವಿಯೋಲಾ ಪಿರೇರಾ ಬರೆದದ್ದು ದೊಡ್ಡದು.
ದಕ್ಕೆ, ಕೆಂಪು ಹೊಳೆ, ಸಾಲಾಗಿ ಹಮಾಲರು,
ತಲೆಯ ಮೇಲೆ ಮೂಟೆ, ನೇರ ಕುತ್ತಿಗೆ,
ಮದುವೆಗೆ ಹೊರಟವರ ಹಾಗೆ.

ಭಾನುವಾರ ಬೆಂಗ್ರೆಯಿಂದ ದೋಣಿ ದಾಟಿ
ಪಕೀರಬ್ಬ ಬಂದರು, ಮೊಮ್ಮಗನ ಭುಜ ಹಿಡಿದು.
ತುಂಬ ಹೊತ್ತು ನೋಡಿದರು.
ಕನ್ನಡಕ ತೆಗೆದು ಲುಂಗಿಗೆ ಒರೆಸಿ ಮತ್ತೆ ನೋಡಿದರು.
"ತಲೆ ಮೇಲೆ ಯಾರು ಹೊತ್ತದ್ದು, ಮಗಳೇ?
ಹೊತ್ತದ್ದು ಇಲ್ಲಿ." ಹಿಂಗತ್ತು ತಟ್ಟಿದರು.
"ಗೋಣಿ ಒದ್ದೆ. ನೀರು ಬೆನ್ನಿನುದ್ದ ಇಳಿದು
ಸೊಂಟದ ಗಾಯಕ್ಕೆ ಹೋಗ್ತದೆ.
ಅದೆಲ್ಲಿ, ಅದನ್ನು ಬರೆದದ್ದೆಲ್ಲಿ?"

ಅವಳು ತೋರಿಸಿ ಅಂದಳು.
ಅವರು ಕೋಲನ್ನು ಹುಡುಗನಿಗೆ ಕೊಟ್ಟು
ಬಗ್ಗಿದರು.
ಮೇಲೆ ಏನೂ ಇಲ್ಲ. ಒಂದು ಹೆಜ್ಜೆ. ಇನ್ನೊಂದು.
ಯಾರೋ ಮೊಬೈಲ್ ಎತ್ತಿದರು, ಇಳಿಸಿದರು.
"ಹೀಗೆ ದಿನಕ್ಕೆ ಎಂಬತ್ತು" ಅಂದರು ನೆಟ್ಟಗಾಗುತ್ತ,
ಪೂರಾ ನೆಟ್ಟಗಾಗದೆ.
ಆಮೇಲೆ, "ಚಾ ಉಂಟಾ?"

ಆ ರಾತ್ರಿ ಎಲ್ಲರೂ ಹೋದ ಮೇಲೆ
ಅವಳು ತನ್ನ ಚಿತ್ರದ ಪಕ್ಕದಲ್ಲಿ
ನನ್ನ ಮೂರನೇ ಕೋಟಿನ ಮೇಲೆ, ನನ್ನನ್ನು ಕೇಳದೆ,
ಇದ್ದಿಲಿನಲ್ಲಿ ಒಂದು ಬೆನ್ನು ಬರೆದಳು.
ಬೆನ್ನು ಮಾತ್ರ. ತಲೆಯಿಲ್ಲ, ಮೂಟೆಯಿಲ್ಲ.
ಸಿಟ್ಟು ಬಂತು. ಬೈಯಬೇಕೆಂದಿದ್ದೆ.
ಬುಧವಾರದ ಹೊತ್ತಿಗೆ ಗೋಡೆಯ ಉಪ್ಪು
ಇದ್ದಿಲ ಗೆರೆಯೊಳಗಿಂದಲೇ ಎದ್ದು
ಸಣ್ಣಗೆ ಹೊಳೆಯುತ್ತಿತ್ತು.
ಮತ್ತೆ ಬೈಯಲಿಲ್ಲ.

ಹದಿನೈದು ದಿನ ಮುಗಿದು ಎಲ್ಲ ಟೆಂಪೋ ಹತ್ತಿತು,
ಮಂಜಿಯನ್ನು ಮಡಚಿ, ತಕ್ಕಡಿಯನ್ನು ಪೇಪರಿನಲ್ಲಿ ಸುತ್ತಿ.
ಬೆನ್ನನ್ನು ಮೊಳೆಯಿಂದ ಬಿಡಿಸುವ ಹಾಗಿಲ್ಲ.
ಸೆಕ್ರೆಟರಿ ಬಂದು ಹೇಳಿದರು:
"ಲೋಕಯ್ಯ, ಮುಂದಿನ ವಾರ ಸೀರೆ ಮೇಳ ಉಂಟು.
ಇನ್ನೊಂದು ಕೋಟು ಹೊಡೆದುಬಿಡು."
ಯಾವ ಬಣ್ಣ ಸಾರ್?
"ಬಿಳಿ, ಮತ್ತೆಂತ."

ಬಾಗಿಲ ಕಡೆಯಿಂದ ಶುರು ಮಾಡಿದೆ.
ಏಣಿ ಸರಿಸುತ್ತ, ಸರಿಸುತ್ತ
ಬೆನ್ನಿನ ಹತ್ತಿರ ಬಂದಾಗ
ಊಟದ ಹೊತ್ತಾಯಿತು ಅಂತ ಕೆಳಗಿಳಿದೆ.
ಗಂಟೆ ಹನ್ನೊಂದೂ ಆಗಿರಲಿಲ್ಲ.