ಇಪ್ಪತ್ಮೂರು

ಬಸ್ಸಿಳಿದಾಗ ಇಪ್ಪತ್ಮೂರು. ಕಾಲುವೆ ದಾಟಿದ ಮೇಲೂ ಇಪ್ಪತ್ಮೂರು.
ಭತ್ತದ ಗದ್ದೆಯ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಹೋಗುವಾಗ
ಬೆರಳು ತಾನಾಗಿ ಎಣಿಸುತ್ತಿತ್ತು.
ಡ್ರಿಲ್ ಟೀಚರ್ ಆದವಳ ರೋಗ ಇದು. ಮದುವೆಯ ಪಂಕ್ತಿಯಲ್ಲೂ
ಮೊದಲು ತಲೆ ಎಣಿಸುತ್ತೇನೆ, ಆಮೇಲೆ ಎಲೆ ನೋಡುತ್ತೇನೆ.

ಹಿರೇಬೆಣಕಲ್ಲಿನ ಬೆನ್ನಿಗೆ ಮೋರೇರ ಗುಡ್ಡ.
"ಕರಡಿ ಅದಾವಂತಲ್ರೀ ಟೀಚರ್," ಹೆಡ್‌ಮಾಸ್ತರರು
ಸಹಿ ಹಾಕದೆ ಪೆನ್ನು ಎತ್ತಿ ಹಿಡಿದಿದ್ದರು.
"ಒಂಬತ್ತನೇ ಬಿ ಸೆಕ್ಷನ್ ನೋಡಿದ್ರ
ಕರಡಿನs ಓಡ್ತೈತ್ರೀ ಸರ್."
ಸಹಿ ಬಿತ್ತು.

ಅರ್ಧ ದಾರಿಗೇ ಯಮನೂರನ ಚಪ್ಪಲಿಯ ಉಂಗುಷ್ಟ ಕಿತ್ತಿತು.
ಪರಸಪ್ಪ ತನ್ನ ಬಾಟಲಿ ಮುಗಿಸಿ ಹುಲಿಗೆಮ್ಮನದಕ್ಕೆ ಬಾಯಿ ಹಾಕಿ
ಒಂದು ಜಗಳ. ಕಾದ ಬಂಡೆಗೆ ಅಂಗೈ ತಾಗಿಸುವಂತಿಲ್ಲ.
ಕಾರೆಮುಳ್ಳು ನನ್ನ ಓಡಣಿ ಹಿಡಿದೆಳೆದು, ಎಲ್ಲಿಗೆ ಹೊಂಟಿ, ಅಂತು.
ಎಡ ಮೊಣಕಾಲೂ ಅದನ್ನೇ ಕೇಳಿತು.
"ಇನ್ನ ಎಷ್ಟ ದೂರರೀ?"
"ಇಲ್ಲೇ."
ಹೋದ ವರ್ಷವೂ ಇದೇ ಸುಳ್ಳು, ಬೇರೆ ಮಕ್ಕಳಿಗೆ.

ಮೇಲೆ ಹತ್ತಿದ ಮೇಲೆ ಗದ್ದಲ ತಾನಾಗಿ ನಿಂತಿತು.
ಎತ್ತ ನೋಡಿದರತ್ತ ಕಲ್ಲಿನ ಮನೆ:
ಚಪ್ಪಡಿಯ ಗೋಡೆ, ಚಪ್ಪಡಿಯ ಮಾಳಿಗೆ,
ಮುಂದೊಂದು ದುಂಡನೆಯ ಕಿಂಡಿ.
ಗಿಡ್ಡ ಮೋರೇರು ಬೆಂಕಿಮಳೆಗೆ ಅಂಜಿ ಕಟ್ಟಿಕೊಂಡದ್ದು
ಅಂತ ನಮ್ಮಜ್ಜಿ. ಸತ್ತವರಿಗೆ ಕಟ್ಟಿದ್ದು ಅಂತ ಪುಸ್ತಕ.
ಎರಡನ್ನೂ ಹೇಳಿದೆ.
"ಪರೀಕ್ಷಾಕ್ಕ ಯಾವ್ದು ಬರ್ತೈತ್ರೀ?" ಪರಸಪ್ಪ.

ರೊಟ್ಟಿ, ಗುರೆಳ್ಳು ಚಟ್ನಿ ಮುಗಿಸಿ ಮಕ್ಕಳು ಚೆದುರಿದರು.
ಅಲ್ಲೊಂದು ನಗಾರಿ ಕಲ್ಲು. ಹರಳಿನಿಂದ ಬಡಿದರೆ
ಹೊಟ್ಟೆಯೊಳಗಿಂದ ಮಾತಾಡುತ್ತದೆ.
ಮೂರು ಸಲ ಬಡಿದರೆ ಎಲ್ಲಿದ್ದರೂ ಬರಬೇಕು, ಇದು ಕರಾರು.
ಹೊತ್ತು ವಾಲಿದಾಗ ಬಡಿದೆ. ಬಂದರು.
ಇಪ್ಪತ್ತೆರಡು.

ಮತ್ತೆ ಎಣಿಸಿದೆ. ಕೂಡಿಸಿ, ನಿಲ್ಲಿಸಿ, ಜೋಡಿ ಮಾಡಿ ಎಣಿಸಿದೆ.
ಯಮನೂರನ ಪಕ್ಕದಲ್ಲಿ ಒಂದು ಖಾಲಿ.
ಖಾಜಾಬನಿ.

ಟೀಚರ್ ಎನ್ನಲು ಹೋದರೆ ಆ ಹುಡುಗಿಯ ನಾಲಿಗೆ
ಟಕಾರಕ್ಕೆ ಅಂಟಿಕೊಂಡು ಬಿಡುತ್ತದೆ.
ಅದು ಬಿಡುಗಡೆಯಾಗುವಷ್ಟರಲ್ಲಿ ನನ್ನ ಹಾಜರಿ
ಎರಡು ನಂಬರು ದಾಟಿರುತ್ತದೆ. ಅದಕ್ಕೇ ಬೆಂಚು ಕುಟ್ಟುತ್ತಿದ್ದಳು.
ಜೂನಿನಲ್ಲಿ ನಾನೇ ಗದರಿದ್ದೆ: ಬೆಂಚು ಕುಟ್ಟಬ್ಯಾಡ.

ಕರಡಿ ನೆನಪಾಯಿತು. ಕೆರೆಯಂಥ ಆ ಹೊಂಡ ನೆನಪಾಯಿತು.
ಅವಳ ಅಬ್ಬಾ ಗಂಗಾವತಿಯ ರೈಸ್‌ಮಿಲ್ಲಿನಿಂದ
ಹೊಟ್ಟು ಮೆತ್ತಿದ ಕೈಯಲ್ಲಿ ಒತ್ತಿದ ಹೆಬ್ಬೆಟ್ಟು
ನನ್ನ ಬ್ಯಾಗಿನಲ್ಲೇ ಇತ್ತು, ಒಪ್ಪಿಗೆ ಪತ್ರದ ಕೆಳಗೆ.
ಎಲ್ಲರೂ ಕೂಗಿದರು. ಹೆಸರು ಬಂಡೆಗೆ ಬಡಿದು ವಾಪಸು ಬಂತು.
"ಕೂಗಬ್ಯಾಡ್ರೋ," ಹುಲಿಗೆಮ್ಮ ಅಂದಳು.
"ಆಕೀ ಹ್ಯಾಂಗ ಓ ಅಂತಾಳ?"
ಮತ್ತೆ ಹರಳು ಹಿಡಿದು ನಾನು ನಗಾರಿ ಬಡಿದೆ.
ಸುಮ್ಮನಾದೆವು.

ಟಕ್. ಟಕ್.

ಮೂರನೇ ಸಾಲಿನ ಮನೆ. ಕಿಂಡಿಯಲ್ಲಿ ತಲೆ ತೂರಿಸಿದೆ.
ಮೊಣಕಾಲು ಮಡಚಿ ಕೂತಿದ್ದಾಳೆ, ಕೈಯಲ್ಲೊಂದು ಹರಳು.
ಮೊದಲ ಸಲವೂ ಬಡಿದಿದ್ದಳಂತೆ. ನಾವು ಎಣಿಸುವ ಗದ್ದಲದಲ್ಲಿದ್ದೆವು.
ಬೈಯಲು ಬಾಯಿ ತೆರೆದೆ. ನನ್ನ ಮಾತು
ಒಳಗಿನ ತಂಪಿಗೆ ತಾಗಿ ಅಲ್ಲೇ ಕೂತಿತು.
ಅವಳು ಸ್ವಲ್ಪ ಸರಿದು ಜಾಗ ಮಾಡಿದಳು,
ನನ್ನ ಭುಜ ಕಿಂಡಿಗೆ ಹಿಡಿಯುವುದಿಲ್ಲ ಎಂದು ತಿಳಿಯದೆ.

ಇಳಿಯುವಾಗ ಕೆಳಗೆ ಮಿಲ್ಲಿನ ದೀಪಗಳು ಹತ್ತಿದ್ದವು.
ಬಸ್ಸಿನಲ್ಲಿ ಇಪ್ಪತ್ಮೂರು.

ಸೋಮವಾರ ಹಾಜರಿ. ಹನ್ನೊಂದನೇ ನಂಬರಿಗೆ ಬೆರಳಿಟ್ಟು ಕಾದೆ.
ಟಕ್, ಟಕ್. ಟಿಕ್ಕು ಹಾಕಿದೆ.
ಹಿಂದಿನ ಬೆಂಚಿನಿಂದ ಯಮನೂರನೂ ಕುಟ್ಟಿದ, ಪರಸಪ್ಪನೂ,
ಆಮೇಲೆ ಇಡೀ ಬಿ ಸೆಕ್ಷನ್ನು.
ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಕೇಳಿದರು,
"ಏನ್ರೀ ಟೀಚರ್ ಇದು?"
ನಾನು ಎಣಿಸುತ್ತಿದ್ದೆ.