ಹದಿನಾಲ್ಕನೇ ಪುಟ

ಡಂಡೀ. ರಾತ್ರಿ ಹತ್ತೂವರೆ.
ಚಿಪ್ಸ್ ಅಂಗಡಿಯ ಬಾಗಿಲಲ್ಲಿ
ಸಿನಿಮಾ ಇನ್ನೂ ಮುಗಿದಿಲ್ಲ.

'ಅದೇನು ನೀಲಿ ಮೇಲಂಗಿಯಾ? ಮಸಿಬಟ್ಟೆ!'
ಐಲ್ಸಾ ಸಿಡುಕುತ್ತಾಳೆ.
'ಇದಕ್ಕಿಂತ ರೀಮೇಕೇ ವಾಸಿ,' ಡೂಗಲ್‌ನ ವಾದ,
'ಕದ್ದದ್ದು ಎಲ್ಲಿಂದ ಅಂತಾದರೂ ಹೇಳುತ್ತೆ.'
ಹಳೇ ಸಾರು, ಹೊಸ ಒಗ್ಗರಣೆ,
ಸಾಲಿನಲ್ಲಿ ನಿಂತ ನಾನು ಒಳಗೇ ಅಂದುಕೊಳ್ಳುತ್ತೇನೆ.

ಅವಳು ಪ್ಲಾಸ್ಟಿಕ್ ಕವಚ ಬಿಚ್ಚಿದಳು.
ಒಂದು ಚೌಕದಲ್ಲಿ ಸೂರಿನಂಚು,
ಮುಂದಿನದರಲ್ಲಿ ನೆಲ,
ನಡುವೆ ಬೆರಳಗಲ ಬಿಳಿ.

'ಒಂಬತ್ತರ ವಯಸ್ಸಲ್ಲಿ
ಇವನನ್ನು ಇಲ್ಲಿ ಬೀಳಿಸಿದ್ದು ನಾನು.
ಅದನ್ನೂ ತೋರಿಸಿಬಿಟ್ಟರಲ್ಲ,
ನಾಲ್ಕು ನಿಮಿಷ, ಸಂಗೀತ ಸಮೇತ.'

ಡೂಗಲ್ ಬಗ್ಗಿ ನೋಡಿದ.
ಅವನ ಪೊಟ್ಟಣದಿಂದ ವಿನೆಗರ್ ಹನಿಯೊಂದು
ಆ ಬಿಳಿಯ ಮೇಲೆಯೇ.

ಯಾರೂ ತುಟಿ ಬಿಚ್ಚಲಿಲ್ಲ.
ಒಳಗಿಂದ ಅಂಗಡಿಯವಳು:
'ಮುಂದಿನವರು ಯಾರು?'