ಬ್ರೇಕ್ ದಿನ

ಹನ್ನೊಂದು ತಿಂಗಳು ತುಂಬಿದ ಮಾರನೆಯ ದಿನ
ನಾನು ಇರುವುದಿಲ್ಲ.
ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ
ಕೆಂಪು ಇಂಕಿನ ಅಡ್ಡಗೆರೆ.
ಆಮೇಲೆ ಹೊಸ ಛಾಪಾ ಕಾಗದ, ಹೊಸ ನೇಮಕ,
ಅದೇ ಕಾಲು ಮುರಿದ ಕುರ್ಚಿ.
ಹೀಗೆ ಹದಿಮೂರು ಸಲ ಹುಟ್ಟಿದ್ದೇನೆ,
ಪ್ರತಿ ಸಲವೂ ಹಿಂದಿನ ಸೇವೆ: ಸೊನ್ನೆ.

"ನಾಳೆ ಬರಬೇಡಿ ಮೇಡಂ," ಅಂದಿದ್ದರು ಚಿಕ್ಕಹೈದಯ್ಯ,
"ಬಂದ್ರೂ ಸಹಿ ಹಾಕಬೇಡಿ, ಆಡಿಟ್‌ನೋರು ಹಿಡೀತಾರೆ."
ಮರೆತ ಛತ್ರಿ ತರೋಣವೆಂದು
ಪೀಣ್ಯದ ಸಾಂತ್ವನ ಕೇಂದ್ರಕ್ಕೆ ಹೋದೆ.
ಸುಳ್ಳು. ಮನೆಯಲ್ಲಿ ಕೂರಲಾಗಲಿಲ್ಲ.

ಮೆಟ್ಟಿಲ ಮೇಲೆ ಕೂತಿದ್ದಳು ಗಂಗರತ್ನ,
ಲಗ್ಗೆರೆಯವಳು,
ಗಾರ್ಮೆಂಟ್ಸಿನ ಐಡಿ ಕಾರ್ಡು ಇನ್ನೂ ಕೊರಳಲ್ಲಿ,
ಒಂದು ಕಿವಿಗೆ ಓಲೆ,
ಇನ್ನೊಂದರ ಹಾಲೆ ಎಳೆದ ರಭಸಕ್ಕೆ ಸೀಳಿಹೋಗಿ
ರಕ್ತ ಕಾಲರಿನ ತನಕ ಇಳಿದು ಒಣಗಿತ್ತು.
ಮಡಿಲಲ್ಲಿ ಮಗು, ಅದರ ಮುಷ್ಟಿಯಲ್ಲಿ
ಮುದ್ದೆಯಾದ ಸೊನ್ನೆ ರೂಪಾಯಿಯ ಬಸ್ ಟಿಕೆಟು.
"ಒಳಗೆ ಯಾರಾದ್ರೂ ಇದ್ದಾರಾ ಅಕ್ಕ?"

ಯಾರೂ ಇಲ್ಲ ಅನ್ನಬೇಕಿತ್ತು, ನಿಯಮದ ಪ್ರಕಾರ.
ಬೀಗ ತೆಗೆದೆ.

ನೀರು ಕೊಟ್ಟೆ. ಮಗುವಿಗೆ ಬನ್ನು.
ಠಾಣೆಗೆ ಫೋನು ಮಾಡಿದರೆ "ಯಾರ್ರೀ ಮಾತಾಡೋದು?"
ಕೇಂದ್ರದ ಹೆಸರು ಹೇಳಿದೆ, ನನ್ನದನ್ನು ನುಂಗಿದೆ.
ಅವಳು ಮೂರು ಗಂಟೆ ಮಾತಾಡಿದಳು,
ಒಂದು ಗಂಟೆ ಅತ್ತಳು, ನಡುವೆ ಒಮ್ಮೆ ನಕ್ಕಳು ಕೂಡ,
ಬನ್ನಿನ ಸಕ್ಕರೆ ಮಗುವಿನ ಮೂಗಿಗೆ ಅಂಟಿದ್ದು ನೋಡಿ.

"ಏನೇ ಆಗಲಿ, ಕೆಲಸ ಬಿಡಬೇಡ," ಅಂದೆ,
"ಪಿ.ಎಫ್. ನಂಬರು ಬರೆದಿಟ್ಟುಕೋ. ಕೈಯಲ್ಲಿ ನಾಲ್ಕು ಕಾಸಿದ್ದರೆ
ಯಾರ ಬಾಗಿಲೂ ಕಾಯಬೇಕಿಲ್ಲ."
ಹೇಳುವಾಗ ದನಿ ನಡುಗಲಿಲ್ಲ,
ಅದಕ್ಕೇ ನಮಗೆ ಮೂರು ದಿನದ ತರಬೇತಿ.
ನನಗೆ ಪಿ.ಎಫ್. ಇಲ್ಲ. ಬರುವುದು ಗೌರವಧನ,
ಐದು ತಿಂಗಳಿಂದ ಗೌರವ ಮಾತ್ರ ಬಂದಿದೆ,
ಧನ ಹಿಂದಿನ ಬಸ್ಸಿನಲ್ಲಿದೆಯಂತೆ.

ಕೆ.ಸಿ. ಜನರಲ್ ಆಸ್ಪತ್ರೆಯಲ್ಲಿ ಹೊಲಿಗೆ, ಐದು.
"ನಾನು ದಿನಕ್ಕೆ ಆರುನೂರು ಕಾಲರು ಹೊಲೀತೀನಿ,
ಇವರದು ಸೊಟ್ಟ," ಅಂದಳು ಗಂಗರತ್ನ ಹಲ್ಲು ಕಚ್ಚಿ.
ಕರೆತಂದವರು: ನನ್ನ ಹೆಸರು.
ಸಂಬಂಧ?
ಪೆನ್ನು ಸ್ವಲ್ಪ ಹೊತ್ತು ನಿಂತಿತು.
'ಅಕ್ಕ' ಎಂದು ಬರೆದೆ.
ಆ ದಿನ ನನಗಿದ್ದ ಹುದ್ದೆ ಅದೊಂದೇ.

ಮಾರನೆಯ ಬೆಳಗ್ಗೆ ಮತ್ತೆ ಹುಟ್ಟಿದೆ, ಸಹಿ ಹಾಕಿದೆ,
ಅವಳ ಕೇಸು ದಾಖಲಿಸಿದೆ.
ನಿನ್ನೆಯ ತಾರೀಖು ಹಾಕುವ ಹಾಗಿಲ್ಲ,
ನಿನ್ನೆ ಕೇಂದ್ರದಲ್ಲಿ ಯಾರೂ ಇರಲಿಲ್ಲವಲ್ಲ.
ಹಾಗಾಗಿ ಸರ್ಕಾರದ ಲೆಕ್ಕದಲ್ಲಿ
ಗಂಗರತ್ನಳ ಕಿವಿ
ಹೊಲಿದ ಮೇಲೆ ಒಂದು ದಿನಕ್ಕೆ ಹರಿಯಿತು.

ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಸರಿಯಾದ ತಾರೀಖಿದೆ.
ಎರಡು ರೂಪಾಯಿ ಕೊಟ್ಟು ಜೆರಾಕ್ಸ್ ಮಾಡಿಸಿ
ನೇಮಕದ ಹದಿಮೂರು ಪತ್ರಗಳ ಜೊತೆಗಿಟ್ಟೆ,
ಎಲ್ಲಕ್ಕಿಂತ ಮೇಲೆ.
ಛತ್ರಿ ಇನ್ನೂ ಅಲ್ಲೇ, ಬಾಗಿಲ ಹಿಂದಿನ ಮೊಳೆಯಲ್ಲಿ.